ಬಾತುಕೋಳಿಯ ಗಾಯಕ್ಕೆ ಹುಳ ಬಿದ್ದಾಗ

ಕೃಷ್ಣೆ ತುಂಗಭದ್ರೆಯರ ನಡುವಣ ಈ ಎಡೆದೊರೆ ನಾಡಿನಲ್ಲಿ ಕೋಳಿ ಸಾಕುವವರೊಡನೆ ಹೋಲಿಸಿದರೆ ಬಾತು ಸಾಕುವವರು ಅತ್ಯಲ್ಪವೇ ಸರಿ. ಆದರೂ ಮಾನ್ವಿ, ಸಿಂಧನೂರುಗಳ ಕಾಲುವೆಯ ಪ್ರದೇಶದಲ್ಲಿ ಭತ್ತದ ಕೊಯ್ಲು ಮುಗಿಯುತ್ತಲೇ ಆಂಧ್ರದ ಕಡೆಯಿಂದ ದೊಡ್ಡ ದೊಡ್ಡ ಹಿಂಡುಗಳನ್ನು ತಂದು, ಗದ್ದೆಯಲ್ಲಿ ಉದುರಿದ ಕಾಳನ್ನೂ ಶಂಖದ ಹುಳುಗಳನ್ನೂ ಮೇಯಿಸುತ್ತ ಬಯಲಿಂದ ಬಯಲಿಗೆ ಸಾಗುವವರಿಂದ ಎರಡೋ ನಾಲ್ಕೋ ಬಾತುಗಳನ್ನು ಕೊಂಡುತಂದು ಹಿತ್ತಲಿನಲ್ಲಿ ಬಿಟ್ಟುಕೊಂಡ ಮನೆಗಳು ಯಾಪಲದಿನ್ನಿಯಂಥ ಊರುಗಳಲ್ಲಿಯೂ ಅಲ್ಲೊಂದು ಇಲ್ಲೊಂದು ಕಾಣಸಿಗುತ್ತವೆ. ಬಾತು ಗಟ್ಟಿ ಜೀವ. ಕೋಳಿಗಳನ್ನು ಗೂಡುಗೂಡಾಗಿ ಬಳಿದುಕೊಂಡು ಹೋಗುವ ಕೊಕ್ಕರೆ ರೋಗ ಕೂಡ ಅದನ್ನು ಅಷ್ಟಾಗಿ ಬಾಧಿಸದು. ಆದರೆ ನೋವನ್ನು ಹೊರಗೆ ತೋರಗೊಡದ ಆ ಗಟ್ಟಿತನವೇ, ಒತ್ತಾದ ಗರಿಯ ಕೆಳಗೆ ಗಾಯವಾಗಿ ಹುಳ ಬಿದ್ದ ಸಂದರ್ಭದಲ್ಲಿ, ಅದಕ್ಕೆ ಮುಳುವಾಗುತ್ತದೆ.

ಪಶುವೈದ್ಯರ ಹಿಂದೆ ಔಷಧದ ಪೆಟ್ಟಿಗೆ ಹೊತ್ತು ಮೂವತ್ತು ವರ್ಷ ಹಳ್ಳಿಗಳನ್ನು ತಿರುಗಿದವನು ನಾನು. ಹೋದ ಮಳೆಗಾಲದಲ್ಲಿ ಬೇರೊಂದು ಕೆಲಸಕ್ಕಾಗಿ ಯಾಪಲದಿನ್ನಿಗೆ ಹೋಗಿದ್ದಾಗ, ಪರಿಚಯದ ಮನೆಯೊಂದರ ಅಂಗಳದಲ್ಲಿ ಕಾಲಿಡುವ ಮೊದಲೇ ಟರ್ಪೆಂಟೈನ್ ಎಣ್ಣೆಯ ಘಾಟು ಮೂಗಿಗೆ ಅಡರಿತು. ಬೇವಿನ ಮರದ ಬುಡದಲ್ಲಿ ಒಂದು ಹೆಣ್ಣು ಬಾತು ಕತ್ತು ಚಾಚಿ ಸತ್ತು ಬಿದ್ದಿತ್ತು; ಅದರ ಬೆನ್ನ ಮೇಲಿನ ಗಾಯದಲ್ಲಿ ಅರಿಶಿನದ ಹೆಪ್ಪು, ಹೆಪ್ಪಿನ ಕೆಳಗೆ ಸತ್ತ ಹುಳುಗಳ ಮುದ್ದೆ. ಮನೆಯ ಮುದುಕಿ ನನ್ನನ್ನು ಕಂಡು, “ಎಮ್ಮಿಗಿ ಹಾಕಿದ್ರ ಹುಳ ಪಟಪಟ ಉದುರ್ತಾವಲ್ಲೋ ಯಪ್ಪಾ, ಇದು ಯಾಕ ಸತ್ತಿತು?” ಎಂದು ಕೇಳಿದಳು. ಆ ಪ್ರಶ್ನೆಗೆ ನಾನು ಅಂದು ಕೊಟ್ಟ ಉತ್ತರ ಅರ್ಧಂಬರ್ಧವಾಗಿದ್ದುದರಿಂದಲೂ, ಅದೇ ತಪ್ಪನ್ನು ಬೇರೆ ಮನೆಗಳಲ್ಲಿಯೂ ಪದೇ ಪದೇ ಕಂಡುದರಿಂದಲೂ ಈ ಲೇಖನವನ್ನು ಬರೆಯಬೇಕಾಯಿತು.

ಗಾಯ ಕೊಳೆತು ಹುಳವಾಗುತ್ತದೆಂದು ನಮ್ಮಲ್ಲಿ ಅನೇಕರು ಇಂದಿಗೂ ನಂಬಿದ್ದಾರೆ. ನೊಣ ವ್ರಣದ ಮೇಲೆ ಕುಳಿತು ಕ್ರಿಮಿಗಳನ್ನು ಬಿಟ್ಟುಹೋಗುವುದನ್ನು ಸುಶ್ರುತಸಂಹಿತೆ ಬಹು ಹಿಂದೆಯೇ ಗುರುತಿಸಿತ್ತು. ಇಟಲಿಯ ಫ್ರಾಂಚೆಸ್ಕೋ ರೆಡಿ ಎಂಬ ವೈದ್ಯನು 1668ರಲ್ಲಿ, ಬಟ್ಟೆ ಕಟ್ಟಿದ ಪಾತ್ರೆಯ ಮಾಂಸದಲ್ಲಿ ಹುಳವಾಗದೆ ತೆರೆದಿಟ್ಟ ಪಾತ್ರೆಯ ಮಾಂಸದಲ್ಲಿ ಮಾತ್ರ ಹುಳವಾಗುವುದನ್ನು ತೋರಿಸಿ ವಿವಾದವನ್ನು ಮುಗಿಸಿದನು. ಕೊಳೆತುದನ್ನು ತಿನ್ನುವ ಹಸಿರು ಮೈಯ ಮಾಂಸದ ನೊಣಗಳು ಒಂದು ಜಾತಿ. ಹಸಿ ಗಾಯದ ಅಂಚಿಗೇ ಬಂದು ಒಮ್ಮೆಗೆ ನೂರೈವತ್ತು ಇನ್ನೂರು ತತ್ತಿಯಿಟ್ಟು, ಜೀವಂತ ಮಾಂಸವನ್ನೇ ಕೊರೆದುಣ್ಣುವ ಮರಿಗಳನ್ನು ಹುಟ್ಟಿಸುವ, 1914ರಲ್ಲಿ ಕ್ರೈಸೋಮಿಯಾ ಬೆಜ್ಜಿಯಾನಾ ಎಂದು ಹೆಸರು ಪಡೆದ ನೊಣ ಇನ್ನೊಂದು ಜಾತಿ. ಎರಡನೆಯದು ಮುಖ್ಯವಾಗಿ ದನಕುರಿಗಳ ಶತ್ರು. ಯಾವ ನೊಣವಾದರೇನು, ಸೆಕೆಯ ದಿನಗಳಲ್ಲಿ ತತ್ತಿಯೊಡೆದು ಹುಳವಾಗುವುದಕ್ಕೆ ಎಂಟು ಗಂಟೆಯಿಂದ ಒಂದು ದಿನದೊಳಗಿನ ಅವಧಿ ಸಾಕು. ಈ ಎಂಟು ಗಂಟೆ ಎಂಬ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಮೊದಲು ಕಂಡುಹಿಡಿಯುವ ಬಗೆ. ಹಿಂಡಿನಿಂದ ಬೇರೆಯಾಗಿ ನಿಂತ ಬಾತು, ಬಾಲವನ್ನು ಮತ್ತೆ ಮತ್ತೆ ಒದರುವ ಬಾತು, ತನ್ನ ಗುದದ್ವಾರವನ್ನೋ ಬೆನ್ನನ್ನೋ ಕೊಕ್ಕಿನಿಂದ ಎಡೆಬಿಡದೆ ಕೆದಕುವ ಬಾತು, ನೀರಿಗಿಳಿಯದಿದ್ದರೂ ಗರಿ ಒಂದೇ ಕಡೆ ತೊಯ್ದು ಅಂಟಿದಂತಿರುವ ಬಾತು, ಇವುಗಳನ್ನು ತತ್ಕ್ಷಣ ಹಿಡಿದು ನೋಡತಕ್ಕದ್ದು. ನೋಡುವುದೆಂದರೆ ಮೇಲಿನಿಂದ ಕಣ್ಣಾಡಿಸುವುದಲ್ಲ. ಗರಿಯನ್ನು ಬೆರಳಿನಿಂದ ಎದುರುಮುಖವಾಗಿ ಬಿಡಿಸಿ ಚರ್ಮ ಕಾಣುವ ತನಕ ನೋಡಬೇಕು. ಗಂಡು ಬಾತು ಏರುವಾಗ ಕೊಕ್ಕಿನಿಂದ ಕಚ್ಚಿ ಹಿಡಿಯುವ ಕತ್ತಿನ ಹಿಂಭಾಗ, ಅದರ ಉಗುರು ತರಚುವ ಬೆನ್ನು, ರೆಕ್ಕೆಯ ಸಂದು, ಹಿಕ್ಕೆ ಮೆತ್ತಿ ಒದ್ದೆಯಾದ ಗುದದ್ವಾರದ ಸುತ್ತು, ನಾಯಿಯೋ ಮುಂಗುಸಿಯೋ ಬಾಯಿ ಹಾಕಿದ ತೊಡೆ, ಇವು ಹುಳ ಬೀಳುವ ತಾಣಗಳು. ಗರಿಯ ಬುಡದಲ್ಲಿ ರವೆಯ ಕಾಳಿನಂತೆ ಬಿಳಿಯಾಗಿ ಗುಂಪುಗುಂಪಾಗಿ ಅಂಟಿದುದು ಕಂಡರೆ ಅದು ತತ್ತಿ. ಹುಳ ಇನ್ನೂ ಆಗಿಲ್ಲವೆಂದು ಸಂತೋಷಪಟ್ಟು ಬಿಟ್ಟುಬಿಡುವವರಿದ್ದಾರೆ. ಅವರ ಸಂತೋಷ ಮಾರನೆಯ ಬೆಳಗಿನವರೆಗೆ ಮಾತ್ರ.

ಬೇಕಾದ ಸಾಮಗ್ರಿ ವಿಶೇಷವೇನೂ ಅಲ್ಲ. ಕುದಿಸಿ ಮೈಯ ಬಿಸಿಗೆ ಆರಿಸಿದ ಒಂದು ಲೀಟರು ನೀರಿಗೆ 9 ಗ್ರಾಂ, ಅಂದರೆ ಎರಡು ಸಣ್ಣ ಚಮಚಕ್ಕೆ ತುಸು ಕಡಿಮೆ ಉಪ್ಪು ಕದಡಿದ ಉಪ್ಪುನೀರು; ಸೂಜಿ ತೆಗೆದ 20 ಮಿಲಿಲೀಟರಿನ ಸಿರಿಂಜು; ತುದಿ ಮೊಂಡಾದ ಕತ್ತರಿ; ಚಿಮಟ; ಹೇನು ತೆಗೆಯುವ ಬಿಗಿಹಲ್ಲಿನ ಹಣಿಗೆ; ಔಷಧದಂಗಡಿಯಲ್ಲಿ ದೊರೆಯುವ ಪೊವಿಡೋನ್ ಅಯೋಡಿನ್; ಶುಭ್ರವಾದ ಹಳೆಯ ಬಟ್ಟೆ; ಕೈಗವಸು; ತೆಗೆದ ಹುಳುಗಳನ್ನು ಹಾಕುವುದಕ್ಕೆ ಸಾಬೂನು ಕದಡಿದ ಬಿಸಿನೀರಿನ ಡಬ್ಬಿ. ಇವುಗಳನ್ನೆಲ್ಲ ಕೈಗೆಟುಕುವಂತೆ ಇಟ್ಟುಕೊಂಡ ಬಳಿಕವೇ ಬಾತನ್ನು ಹಿಡಿಯಬೇಕು.

ಹಿಡಿಯುವುದರಲ್ಲಿಯೂ ಒಂದು ಎಚ್ಚರವುಂಟು. ಹಕ್ಕಿಗಳಿಗೆ ನಮ್ಮಂತೆ ಎದೆ ಹೊಟ್ಟೆಗಳ ನಡುವೆ ವಪೆಯಿಲ್ಲ. ಎದೆಯ ಎಲುಬು ಮುಂದೆ ಹಿಂದೆ ಆಡಿದರೆ ಮಾತ್ರ ಅವು ಉಸಿರಾಡಬಲ್ಲವು. ಕೊಸರುತ್ತದೆಂದು ಎದೆಯನ್ನು ಅವುಚಿ ಹಿಡಿದರೆ ಗಾಯದಿಂದ ಸಾಯದ ಬಾತು ನಮ್ಮ ಕೈಯಲ್ಲಿಯೇ ಉಸಿರುಗಟ್ಟಿ ಸಾಯುತ್ತದೆ. ಬಟ್ಟೆಯಲ್ಲಿ ರೆಕ್ಕೆಗಳನ್ನು ಮಡಿಸಿ ಸುತ್ತಿ, ಮತ್ತೊಬ್ಬರ ತೊಡೆಯ ಮೇಲೆ ಸಡಿಲವಾಗಿ ಕೂರಿಸಿಕೊಂಡು, ತಲೆಯ ಮೇಲೆ ಬಟ್ಟೆಯ ಸೆರಗನ್ನು ಇಳಿಬಿಟ್ಟರೆ ಅದು ತಾನಾಗಿ ಸುಮ್ಮನಾಗುತ್ತದೆ.

ಇನ್ನು ಕೆಲಸ. ಗಾಯದ ಸುತ್ತ ಎರಡು ಬೆರಳಗಲ ಗರಿಯನ್ನು ಕತ್ತರಿಸಬೇಕು. ಕೀಳಕೂಡದು, ಕಿತ್ತರೆ ಹೊಸ ಗಾಯ. ಬುಡದಲ್ಲಿ ರಕ್ತ ತುಂಬಿ ನೀಲಿಯಾಗಿ ಕಾಣುವ ಎಳೆಗರಿಗಳನ್ನು ಮುಟ್ಟಬಾರದು. ಗರಿಗಂಟಿದ ತತ್ತಿಗಳನ್ನು ಹಣಿಗೆಯಿಂದ ಬಾಚಿ ತೆಗೆಯಬೇಕು. ಬರದಿದ್ದರೆ ಆ ಗರಿಯನ್ನೇ ಕತ್ತರಿಸಬೇಕು. ಬಳಿಕ ಉಪ್ಪುನೀರನ್ನು ಸಿರಿಂಜಿನಿಂದ ಓರೆಯಾಗಿ, ರಭಸವಿಲ್ಲದೆ ಹಾಯಿಸಿದರೆ ಮೇಲಿನ ಹುಳುಗಳು ಕೊಚ್ಚಿ ಬರುತ್ತವೆ. ಆಳದವು ಉಸಿರಿಗೆಂದು ತಮ್ಮ ಹಿಂತುದಿಯನ್ನು ಮೇಲೆತ್ತಿದಾಗ ಚಿಮಟದಿಂದ ಹಿಡಿದು, ತುಂಡಾಗದಂತೆ ನಿಧಾನವಾಗಿ ಎಳೆಯಬೇಕು. ತೊಳೆಯುವುದು, ಹೆಕ್ಕುವುದು, ಎರಡು ನಿಮಿಷ ಕಾಯುವುದು, ಮತ್ತೆ ತೊಳೆಯುವುದು, ಮತ್ತೆ ಹೆಕ್ಕುವುದು. ಅರ್ಧ ಗಂಟೆಯಾದರೂ ಹಿಡಿಯುತ್ತದೆ; ನಡುವೆ ಬಾತು ಬಾಯಿ ತೆರೆದು ತೇಕತೊಡಗಿದರೆ ನೆರಳಲ್ಲಿ ಬಿಟ್ಟು ಸುಧಾರಿಸಿಕೊಳ್ಳಗೊಟ್ಟು ಮುಂದುವರಿಸಬೇಕು. ಗಾಯ ಒಳಹೊಟ್ಟೆಯವರೆಗೆ ತೂತಾಗಿದೆಯೆಂದು ಅನುಮಾನ ಬಂದರೆ ನೀರನ್ನು ಹಾಯಿಸಲೇಬಾರದು. ಹಕ್ಕಿಯ ಮೈಯೊಳಗೆ ಗಾಳಿಚೀಲಗಳಿವೆ, ಅಲ್ಲಿಗೆ ನೀರು ಹೋದರೆ ಮುಳುಗಿ ಸತ್ತಂತೆಯೇ. ಅಂಥದನ್ನು ವೈದ್ಯರಿಗೆ ಬಿಡುವುದು ಲೇಸು.

ಹುಳ ಕಾಣದಾದ ಮೇಲೆ, ಪೊವಿಡೋನ್ ಅಯೋಡಿನ್ನನ್ನು ಕುದಿಸಿ ಆರಿಸಿದ ಹತ್ತರಷ್ಟು ನೀರಿನಲ್ಲಿ, ಹಾಲಿಲ್ಲದ ಚಹದ ಬಣ್ಣ ಬರುವಂತೆ ತೆಳುಮಾಡಿ ಗಾಯವನ್ನೂ ಅದರ ಅಂಚನ್ನೂ ತೊಳೆದು, ಒತ್ತಿ ಒರೆಸಿ ಒಣಗಿಸಬೇಕು. ಉಜ್ಜುವುದು ಬೇಡ. ಜಿಡ್ಡಿನ ಮುಲಾಮುಗಳನ್ನು ಬಳಿದರೆ ಗರಿಗಳು ಅಂಟಿ ನೀರನ್ನು ತಡೆಯುವ ಗುಣವನ್ನು ಕಳೆದುಕೊಳ್ಳುತ್ತವೆ.

ಈಗ ಟರ್ಪೆಂಟೈನಿನ ಮಾತು. ನನ್ನ ಲೇಖನ ಇದಕ್ಕಾಗಿಯೇ ಎಂದರೂ ನಡೆದೀತು.

ದನದ ಕೊಂಬಿನ ಹುಣ್ಣಿಗೆ, ಎಮ್ಮೆಯ ಗೊರಸಿನ ಸಂದಿಗೆ ಹುಳ ಬಿದ್ದರೆ ಅರಳೆಯನ್ನು ಟರ್ಪೆಂಟೈನಿನಲ್ಲಿ ಅದ್ದಿ ತುರುಕುವುದು ನಮ್ಮ ದವಾಖಾನೆಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ನಾನೂ ಮಾಡಿದ್ದೇನೆ, ಎಷ್ಟು ಬಾರಿಯೆಂದು ಲೆಕ್ಕವಿಲ್ಲ. ಆವಿಯ ಘಾಟಿಗೆ ಹುಳು ಉಸಿರುಗಟ್ಟಿ ಹೊರಬೀಳುತ್ತದೆ, ನೋಡುವವರಿಗೆ ಚಮತ್ಕಾರವೆನಿಸುತ್ತದೆ. ಆದರೆ ನಾಲ್ಕು ನೂರು ಕಿಲೋಗ್ರಾಮಿನ ಎಮ್ಮೆಯ ದಪ್ಪ ತೊಗಲಿಗೆ ಸಲ್ಲುವ ಪದಾರ್ಥ ಒಂದೂವರೆ ಕಿಲೋಗ್ರಾಮಿನ ಬಾತಿನ, ಬಾಳೆಯ ಪಟ್ಟೆಯ ಪೊರೆಯಷ್ಟು ತೆಳುವಾದ ಚರ್ಮಕ್ಕೆ ಸಲ್ಲುವುದು ಹೇಗೆ? ಮೊದಲನೆಯದಾಗಿ, ಅದು ಹಸಿಮಾಂಸವನ್ನು ಸುಡುತ್ತದೆ, ಸುಟ್ಟ ಮಾಂಸ ಸತ್ತು ಮತ್ತೆ ನೊಣವನ್ನು ಕರೆಯುತ್ತದೆ. ಎರಡನೆಯದಾಗಿ, ಬಾತು ದಿನವಿಡೀ ಆಗಾಗ ತನ್ನ ಬಾಲದ ಬುಡದ ಎಣ್ಣೆಗ್ರಂಥಿಯಿಂದ ಜಿಡ್ಡನ್ನು ತೆಗೆದು ಮೈಗೆಲ್ಲ ಪೂಸಿಕೊಳ್ಳುತ್ತಿರುವ ಪ್ರಾಣಿಯಾದುದರಿಂದ, ಬೆನ್ನಿಗೆ ಸುರಿದ ಎಣ್ಣೆ ಕೊಕ್ಕಿನ ಮೂಲಕ ಹೊಟ್ಟೆಗೇ ಸೇರುತ್ತದೆ. ಮೂರನೆಯದಾಗಿ, ಗಾಳಿಚೀಲಗಳು ಮೈಯೆಲ್ಲ ಹಬ್ಬಿದ ಹಕ್ಕಿಗೆ ಆವಿಯೇ ವಿಷ. ಇಷ್ಟೂ ಸಾಲದೆ, ಆಳದಲ್ಲಿದ್ದ ಹುಳುಗಳು ಹೊರಬರದೆ ಒಳಗೇ ಸತ್ತು ಕೊಳೆತು ನಂಜಾಗುತ್ತವೆ. ಯಾಪಲದಿನ್ನಿಯ ಆ ಬಾತು ಸತ್ತುದು ಹುಳದಿಂದಲ್ಲ. ಹುಳ ಸಾಯಿಸಿದೆವೆಂಬ ಸಮಾಧಾನದಿಂದ ಮನೆಯವರು ಗಾಯದ ಬಾಯಿಗೆ ಅರಿಶಿನ ಮೆತ್ತಿ ಮೂರು ದಿನ ತಿರುಗಿ ನೋಡದಿದ್ದುದರಿಂದ. ಅರಿಶಿನ ಕೆಟ್ಟದ್ದೆಂದು ನನ್ನ ಅಭಿಪ್ರಾಯವಲ್ಲ, ಆದರೆ ಪುಡಿ ಹೆಪ್ಪುಗಟ್ಟಿ ಮುಚ್ಚಳವಾದರೆ ಕೆಳಗೆ ಏನು ನಡೆಯುತ್ತಿದೆಯೆಂಬುದು ಯಾರ ಕಣ್ಣಿಗೂ ಬೀಳದು.

ಸೀಮೆಎಣ್ಣೆ, ಫಿನಾಯಿಲು, ಸುಣ್ಣ, ಹೊಗೆಸೊಪ್ಪಿನ ಕಷಾಯ, ಇವೆಲ್ಲವೂ ಟರ್ಪೆಂಟೈನಿನ ಬಂಧುಗಳೇ. ಹಳಬರು ಗಮೆಕ್ಸಿನ್ ಎಂದು ಕರೆಯುವ ಬಿ.ಎಚ್.ಸಿ. ಪುಡಿ ದೇಶದಲ್ಲಿ 1997ರಿಂದ ನಿಷಿದ್ಧವಾಗಿದ್ದರೂ, ಅಟ್ಟದ ಮೇಲಿನ ಡಬ್ಬಿಯಿಂದ ಇಳಿದು ಬಂದುದನ್ನು ನಾನು ಕಂಡಿದ್ದೇನೆ. ಹತ್ತಿಗೆ ಹೊಡೆಯುವ ಔಷಧವನ್ನು ‘ಒಂದೇ ಹನಿ’ ಎಂದು ಹಾಕಿದ ಮಹಾನುಭಾವರೂ ಉಂಟು. ಆ ಬಾತು ಸಂಜೆಯನ್ನು ಕಾಣಲಿಲ್ಲ. ನಮ್ಮ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಸೀತಾಫಲದ ಎಲೆಯ ರಸವನ್ನು ದನದ ಹುಳದ ಗಾಯಕ್ಕೆ ಹಿಂಡುವ ಪದ್ಧತಿಗೆ ಗುಣವಿಲ್ಲದಿಲ್ಲ. ಆದರೆ ಅದೇ ಗಿಡದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಯ ಮೇಲಿನ ಪಾರದರ್ಶಕ ಪೊರೆಯನ್ನೇ ಸುಟ್ಟುಹಾಕುತ್ತದೆ. ಕತ್ತಿನ ಗಾಯಕ್ಕೂ ಕಣ್ಣಿಗೂ ಬಾತಿನಲ್ಲಿ ದೂರವೆಷ್ಟು? ಯಾಪಲದಿನ್ನಿಯ ಹೆಸರಿನಲ್ಲಿಯೇ ಬೇವು ಇದೆ, ಗಡಿಯಾಚೆಯ ಆಡುದೆಲುಗಿನಲ್ಲಿ ಬೇವಿಗೆ ಯಾಪ ಎನ್ನುತ್ತಾರೆ. ಬೇವಿನ ಎಣ್ಣೆಯ ವಾಸನೆಗೆ ನೊಣ ಹತ್ತಿರ ಸುಳಿಯುವುದು ಕಡಿಮೆಯಾದುದರಿಂದ, ಗೂಡಿನ ಚೌಕಟ್ಟಿಗೂ ಬಾಗಿಲಿಗೂ ಅದನ್ನು ಸವರಬಹುದು. ತೆರೆದ ಗಾಯದೊಳಕ್ಕೆ ಸುರಿಯಬೇಕಾಗಿಲ್ಲ.

ಚುಚ್ಚುಮದ್ದಿನ ವಿಷಯಕ್ಕೂ ಇದೇ ಮಾತು. ಐವರ್‌ಮೆಕ್ಟಿನ್ ಎಂಬ ಔಷಧ ಉಳಿದ ಹುಳುಗಳನ್ನು ಕೊಲ್ಲಬಲ್ಲದು ನಿಜ. ಆದರೆ ಅಂಗಡಿಯಲ್ಲಿ ದೊರೆಯುವ ದನದ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 10 ಮಿಲಿಗ್ರಾಂ ಇರುತ್ತದೆ. ಒಂದು ಮಿಲಿಲೀಟರು 50 ಕಿಲೋಗ್ರಾಂ ಮೈತೂಕಕ್ಕೆ. ಆ ಲೆಕ್ಕವನ್ನೇ ಹಿಡಿದರೆ ಒಂದೂವರೆ ಕಿಲೋಗ್ರಾಮಿನ ಬಾತಿನ ಪಾಲಿಗೆ ಬರುವುದು 0.03 ಮಿಲಿಲೀಟರು. ಸಾಮಾನ್ಯ ಸಿರಿಂಜಿನ ಅತಿ ಚಿಕ್ಕ ಗೆರೆಯೇ ಅದರ ಮೂರರಷ್ಟು! ಕಣ್ಣಳತೆಯಲ್ಲಿ ಕೊಟ್ಟವರು ಎಷ್ಟು ಕೊಟ್ಟರೆಂಬುದು ಅವರಿಗೂ ತಿಳಿಯದು. ಇದನ್ನೂ, ಪ್ರತಿಜೈವಿಕವನ್ನೂ, ನೋವಿನ ಔಷಧವನ್ನೂ ವೈದ್ಯರೇ ಕೊಡಬೇಕು. ಎಷ್ಟು ದಿನ ಮೊಟ್ಟೆಯನ್ನು ತಿನ್ನಕೂಡದೆಂಬುದನ್ನೂ ಅವರನ್ನೇ ಕೇಳಬೇಕು. ಮನೆಯಲ್ಲಿ ಉಳಿದ ನೋವಿನ ಮಾತ್ರೆಯನ್ನು ಪುಡಿಮಾಡಿ ಹಾಕುವ ಅಭ್ಯಾಸ ಅಪಾಯಕರ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಔಷಧವೇ, ಅವುಗಳ ಶವ ತಿಂದ ರಣಹದ್ದುಗಳ ಸಂತತಿಯನ್ನು ದೇಶದಿಂದ ಬಹುತೇಕ ಅಳಿಸಿಹಾಕಿದುದು. 2006ರಲ್ಲಿ ಅದರ ಪಶುಬಳಕೆಯನ್ನು ಸರ್ಕಾರ ನಿಷೇಧಿಸಬೇಕಾಯಿತು.

ಎಂಟು ಗಂಟೆಯ ಮಾತಿಗೆ ಹಿಂದಿರುಗೋಣ. ಎಷ್ಟೇ ಜಾಗರೂಕತೆಯಿಂದ ಹೆಕ್ಕಿದರೂ ಒಂದೆರಡು ತತ್ತಿಗಳು ಗರಿಯ ಬುಡದಲ್ಲಿ ಉಳಿದೇ ಉಳಿಯುತ್ತವೆ. ಬೆಳಗ್ಗೆ ಎಂಟಕ್ಕೆ ಶುಭ್ರವಾಗಿದ್ದ ಗಾಯದಲ್ಲಿ ಸಂಜೆಗೆ ದಾರದೆಳೆಯಷ್ಟು ಸಣ್ಣ ಹೊಸ ಹುಳುಗಳು ಹೊರಳಾಡುತ್ತಿರುವುದನ್ನು ಕಂಡು ‘ಔಷಧ ಹಿಡಿಯಲಿಲ್ಲ’ ಎಂದು ಕೈಚೆಲ್ಲುವವರು, ಕೈಚೆಲ್ಲಿದವರೇ ಮತ್ತೆ ಟರ್ಪೆಂಟೈನಿನ ಸೀಸೆಗೆ ಕೈಹಾಕುವವರು, ತತ್ತಿಯೊಡೆಯುವ ಕಾಲವನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಮೊದಲನೆಯ ಎರಡು ದಿನ ಆರರಿಂದ ಎಂಟು ಗಂಟೆಗೊಮ್ಮೆ, ರಾತ್ರಿ ಮಲಗುವ ಮುಂಚೆಯೂ ದೀಪ ಹಿಡಿದು, ಗಾಯವನ್ನು ಬಿಡಿಸಿ ನೋಡಿ, ಕಂಡುದನ್ನು ಹೆಕ್ಕಿ, ಉಪ್ಪುನೀರಿನಲ್ಲಿ ತೊಳೆದು ಒಣಗಿಸಬೇಕು. ಆಮೇಲೆ ಒಂದು ವಾರ ದಿನಕ್ಕೆ ಎರಡು ಸಾರಿ. ಹಳದಿ ಕೀವು, ಕಪ್ಪಾದ ಅಂಚು, ದುರ್ವಾಸನೆ ಮರುಕಳಿಸಿದರೆ ವೈದ್ಯರು. ಗಾಯದ ತಳ ನಸುಗೆಂಪಾಗಿ ಹರಳುಹರಳಾಗಿ ತುಂಬಿಬರುತ್ತಿದ್ದರೆ ಅದನ್ನು ಕೆದಕದೆ ಬಿಟ್ಟುಬಿಡುವುದೇ ಚಿಕಿತ್ಸೆ.

ಅಲ್ಲಿಯವರೆಗೆ ಬಾತನ್ನು ಎಲ್ಲಿಡಬೇಕು? ರೆಡಿಯ ಬಟ್ಟೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೋಳಿ ಮುಚ್ಚುವ ಬಿದಿರು ಬುಟ್ಟಿಯನ್ನೋ ಹಳೆಯ ಪಂಜರವನ್ನೋ ನೆರಳಿನಲ್ಲಿಟ್ಟು, ಅದರ ಮೇಲೆ ಸೊಳ್ಳೆಪರದೆಯನ್ನು ನೆಲಕ್ಕೆ ತಾಕುವಂತೆ ಹೊದಿಸಿ, ಅಂಚಿನ ಮೇಲೆ ಕಲ್ಲಿಡಬೇಕು. ಕೆಳಗೆ ಹಾಸಿದ ಬಟ್ಟೆಯನ್ನು ದಿನಕ್ಕೆರಡು ಬಾರಿ ಬದಲಿಸಬೇಕು. ಹಿಕ್ಕೆ ಬಿದ್ದಲ್ಲಿ ನೊಣ ಬರುತ್ತದೆ. ತೊಯ್ದ ಬಾತಿಗೆ ಗಾಳಿ ತಾಗಿದರೆ ಮೈಬಿಸಿ ಇಳಿಯುತ್ತದಾದುದರಿಂದ ಒಣಗುವ ತನಕ ಬೆಚ್ಚಗಿಡಬೇಕು. ಬಾತಿಗೆ ನೀರೇ ಔಷಧವೆಂದು ಕೆರೆಗೋ ಕಾಲುವೆಗೋ ಬಿಡುವುದು ಎರಡನೆಯ ಮಹಾಪರಾಧ. ಗಾಯ ಮುಚ್ಚಿ ಒಣಗಿ, ಕತ್ತರಿಸಿದ ಗರಿ ಚಿಗುರುವವರೆಗೆ ಈಜು ಸಲ್ಲದು. ಕುಡಿಯುವ ನೀರು ಮಾತ್ರ ಮೂಗಿನ ತೂತುಗಳು ಮುಳುಗುವಷ್ಟು ಆಳವಾದ, ಮೈ ಹಿಡಿಸದಷ್ಟು ಕಿರಿದಾದ ಪಾತ್ರೆಯಲ್ಲಿ ಸದಾ ಇರಬೇಕು. ಅನ್ನ, ತೌಡು, ಬೇಯಿಸಿದ ಬೇಳೆ ಸಾಕು.

ಕೆಲವು ಬಾತುಗಳು ಉಳಿಯುವುದಿಲ್ಲ. ಹುಳ ಗುದದ್ವಾರದ ಒಳಕ್ಕೆ ಕೊರೆದುಹೋಗಿದ್ದರೆ, ಕರುಳು ಕಾಣುತ್ತಿದ್ದರೆ, ಕಾಲು ತಣ್ಣಗಾಗಿ ತಲೆಯೆತ್ತದಿದ್ದರೆ, ದಿನಗಟ್ಟಲೆ ಹೆಕ್ಕಿ ಹಿಂಸಿಸುವುದಕ್ಕಿಂತ ವೈದ್ಯರ ಕೈಯಿಂದ ನೋವಿಲ್ಲದ ಸಾವನ್ನು ಕೊಡಿಸುವುದು ದಯೆ. ‘ಹೇಗೂ ಸಾಯುತ್ತದೆ, ಸಾರು ಮಾಡೋಣ’ ಎಂಬ ಸಲಹೆ ಕೊಡುವ ನೆರೆಯವರು ಎಲ್ಲ ಊರಿನಲ್ಲಿಯೂ ಇರುತ್ತಾರೆ; ನಂಜೇರಿದ, ಔಷಧ ಕಂಡ ಮೈಯ ಮಾಂಸ ತಿನ್ನತಕ್ಕದ್ದಲ್ಲ.

ಸ್ಥಳ ಮುಗಿಯುತ್ತ ಬಂತು. ಉಳಿದುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹೆಕ್ಕಿದ ಹುಳುಗಳನ್ನು ಬೇರೆ ಬಾತುಗಳ ಮುಂದೆ ಎಸೆಯಬಾರದು, ಸತ್ತ ಇಲಿ ಕೋಳಿಗಳನ್ನು ತಿಪ್ಪೆಯಲ್ಲಿ ಬಿಡಬಾರದು: ಹೆಣದ ಹುಳುವಿನ ಮೈಯಲ್ಲಿ ಬಾಟುಲಿಸಂ ವಿಷ ಸೇರಿರಬಹುದು, ತಿಂದ ಬಾತಿನ ಕತ್ತು ಜೋತುಬಿದ್ದು ಹಿಂಡೇ ಸಾಯಬಹುದು. ಆಳವಾಗಿ ಹೂಳಿರಿ. ಒಂದು ಗಂಡಿಗೆ ಐದಾರು ಹೆಣ್ಣು ಇರಲಿ. ಹೆಚ್ಚು ಗಂಡುಗಳಿದ್ದರೆ ಬೆನ್ನಿನ ಗಾಯ ತಪ್ಪದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಪ್ರತಿ ಬಾತಿನ ಬಾಲವೆತ್ತಿ ನೋಡಿ, ಮೆತ್ತಿದ ಹಿಕ್ಕೆ ತೊಳೆಯಿರಿ. ಗೂಡಿನ ಹೊಟ್ಟು ಒಣಗಿರಲಿ. ನಿಮ್ಮ ಕೈಯಲ್ಲಿ ಗಾಯವಿದ್ದರೆ ಹೆಕ್ಕುವ ಕೆಲಸ ಬೇರೆಯವರಿಗೆ ಬಿಡಿರಿ, ನೊಣಕ್ಕೆ ಮನುಷ್ಯನೂ ವರ್ಜ್ಯನಲ್ಲ. ದವಾಖಾನೆ ದೂರವಾದರೆ 1962 ಸಂಖ್ಯೆಗೆ ದೂರವಾಣಿ ಮಾಡಿದಲ್ಲಿ ಸಂಚಾರಿ ಪಶುಚಿಕಿತ್ಸೆಯ ವಾಹನದವರು ಸಿಗುತ್ತಾರೆ. ‘ಕೋಳಿ’ ಎನ್ನದೆ ‘ಬಾತು’ ಎಂದೇ ಹೇಳಿರಿ, ತಕ್ಕಡಿಯಲ್ಲಿ ತೂಗಿ ತೂಕವನ್ನೂ ಹೇಳಿರಿ, ಅದುವರೆಗೆ ಏನೇನು ಸುರಿದಿರೆಂಬುದನ್ನು ನಾಚಿಕೆಪಡದೆ ಹೇಳಿರಿ.